ತೀರ್ಥಹಳ್ಳಿಯ ಏಲಿಯನ್, ದುರ್ಗಿಗುಡಿಯ ಅಮೆರಿಕ ಮೇಡಂ

ಮೊದಲೇ ಹೇಳಿಬಿಡುತ್ತೇನೆ, ಈ ಮೇಡಮ್ಮಿಗೆ ಐದಕ್ಕೆ ನಾಲ್ಕು ಅಂಕ. ಒಂದು ಯಾಕೆ ಕಮ್ಮಿ ಅನ್ನೋದು ಆಮೇಲೆ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಬಟ್ಟೆ ಅಂಗಡಿ, ಅದಕ್ಕೆ ಅಂಟಿಕೊಂಡು ಒಂದು ಜೆರಾಕ್ಸ್ ಅಂಗಡಿ. ಎರಡರ ಮಧ್ಯೆ ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯಲಾಗದಂಥ ಮೆಟ್ಟಿಲು. ಎರಡನೇ ಮಹಡಿಯಲ್ಲಿ ಒಂದೇ ರೂಮಿನ ಆಫೀಸು. ಬೋರ್ಡು ಇಲ್ಲ. ಅಲ್ಲಿ ಕೂರುವ ಮೇಡಂ ಅಮೆರಿಕದ ಟ್ಯಾಕ್ಸ್ ರಿಟರ್ನ್ ಮಾಡಿಕೊಡುತ್ತಾರೆ. ಹೆಸರು ಮಾತ್ರ ಎಲ್ಲೂ ಹಾಕಬೇಡಿ ಅಂದಿದ್ದಾರೆ. ಏಪ್ರಿಲ್ ಬಂತೆಂದರೆ ಇರುವ ಗಿರಾಕಿಗಳಿಗೇ ಅವರ ಹತ್ತಿರ ಟೈಮ್ ಇರೋದಿಲ್ಲವಂತೆ. ಹಾಗಾಗಿ ಇದು ಹೆಸರಿಲ್ಲದ ವಿಮರ್ಶೆ. ಬೇಕಾದವರು ಜೆರಾಕ್ಸ್ ಅಂಗಡಿಯ ಹುಡುಗನನ್ನು ಕೇಳಿ. "ಅಮೆರಿಕ ಮೇಡಮ್ಮಾ?" ಅಂತ ತಲೆ ಎತ್ತದೆ ಮೇಲಕ್ಕೆ ಕೈ ತೋರಿಸುತ್ತಾನೆ.

ನಮ್ಮ ಕಥೆ ಸ್ವಲ್ಪ ಹೇಳದೆ ಮುಂದಿನದು ಅರ್ಥವಾಗೋದಿಲ್ಲ. ತೀರ್ಥಹಳ್ಳಿ ಹತ್ತಿರ ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಅಪ್ಪನ ಕಾಲದ್ದು, ಈಗ ನನ್ನ ಹೆಸರಿನಲ್ಲಿದೆ. ನಮ್ಮನೆಯವರು ಅಮೆರಿಕದವರು, ಓಹಾಯೋ ಕಡೆಯವರು. ಅಲ್ಲಿನ ಕಂಪನಿಯೊಂದಕ್ಕೆ ಪಠ್ಯಪುಸ್ತಕ ತಿದ್ದುವ ಕೆಲಸ ಮಾಡುತ್ತಾರೆ. ನಮ್ಮ ಜಗಲಿಯೇ ಅವರ ಆಫೀಸು. 2020ರ ಡಿಸೆಂಬರ್ 28ಕ್ಕೆ ಮದುವೆ ಆಯಿತು. 2022ರಲ್ಲಿ ಮಗಳು ಹುಟ್ಟಿದಳು, ಶಿವಮೊಗ್ಗದಲ್ಲೇ. ಅಮ್ಮ ನಮ್ಮ ಜೊತೆಗಿದ್ದಾರೆ. ನಮ್ಮನೆಯವರಿಗೆ ಈಗ ಓಸಿಐ ಕಾರ್ಡ್ ಇದೆ, ಇಲ್ಲಿ ಎಷ್ಟು ದಿನ ಬೇಕಾದರೂ ಇರಲು ಬಿಡುವ ಕಾರ್ಡ್. ಆದರೆ ಓಸಿಐ ಕಾರ್ಡಿನವರು ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಅದಕ್ಕೇ ಅವರು ತೋಟದಲ್ಲಿ ಬರೀ ಕೆಲಸದವರು, ಯಜಮಾನಿಕೆ ನಂದು.

ಅಮೆರಿಕದ ಪ್ರಜೆ ಭೂಮಿಯ ಯಾವ ಮೂಲೆಯಲ್ಲಿ ದುಡಿದರೂ ಅವರ ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕು. ನಮ್ಮಲ್ಲಿ ಹಾಗಿಲ್ಲ, ಎಲ್ಲಿ ವಾಸ ಮಾಡುತ್ತೀರಿ ಅನ್ನೋದೇ ಮುಖ್ಯ. ಇನ್ನೊಂದು ವ್ಯತ್ಯಾಸ ನನಗೆ ಗೊತ್ತೇ ಇರಲಿಲ್ಲ. ಇಲ್ಲಿ ಗಂಡ ಹೆಂಡತಿ ಇಬ್ಬರಿಗೂ ಅವರವರ ಪ್ಯಾನ್, ಅವರವರ ರಿಟರ್ನ್, ಮುಗಿಯಿತು. ಅಲ್ಲಿ ಮೊದಲ ಪುಟದ ಮೇಲ್ಭಾಗದಲ್ಲೇ ನಿಮ್ಮ ಸಂಸಾರದ ಪ್ರಶ್ನೆ. ಸಿಂಗಲ್ಲಾ, ಮದುವೆಯಾಗಿ ಜಂಟಿಯಾ, ಮದುವೆಯಾಗಿ ಬೇರೆ ಬೇರೆನಾ, ಹೆಡ್ ಆಫ್ ಹೌಸ್‌ಹೋಲ್ಡಾ (ಅಂದರೆ ಮನೆ ಯಜಮಾನನಾ), ಅಥವಾ ಸಂಗಾತಿಯನ್ನು ಕಳೆದುಕೊಂಡವರಾ. ಈ ಐದರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಫೈಲಿಂಗ್ ಸ್ಟೇಟಸ್ ಅಂದರೆ ಇದೇ.

ನಮ್ಮನೆಯವರು ಮೊದಲ ಮೂರು ವರ್ಷ ಸಾಫ್ಟ್‌ವೇರ್‌ನಲ್ಲಿ ತಾವೇ ತುಂಬಿದರು. ಮದುವೆ ಆಗಿದೆ ಅಂತ ಒತ್ತಿದರೆ ಹೆಂಡತಿಯ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೇಳುತ್ತಿತ್ತು. ನನ್ನ ಹತ್ತಿರ ಎಲ್ಲಿಂದ ಬರಬೇಕು? ನಂಬರ್ ಇಲ್ಲದೆ ಮುಂದೆ ಹೋಗಲಿಲ್ಲ. ಇವರು ಬೇಸತ್ತು "ಸಿಂಗಲ್" ಅಂತ ಒತ್ತಿಬಿಟ್ಟರು. ಇಡೀ ಊರಿಗೆ ಊಟ ಹಾಕಿಸಿ ಮೂರು ತಿಂಗಳೂ ಆಗಿರಲಿಲ್ಲ, ನನ್ನ ಗಂಡ ಅವರ ಸರ್ಕಾರಕ್ಕೆ ಮದುವೆಯಾಗಿಲ್ಲ ಅಂತ ಸಹಿ ಹಾಕಿ ಕಳಿಸಿದ್ದರು. ನನಗೆ ಇದು ಗೊತ್ತಾಗಿದ್ದು 2024ರಲ್ಲಿ. ಎರಡು ದಿನ ಮಾತು ಬಿಟ್ಟಿದ್ದೆ.

ಆಮೇಲೆ 2023ರ ರಿಟರ್ನ್‌ಗೆ ಬೆಂಗಳೂರಿನ ಒಂದು ಏಜೆನ್ಸಿ ಹಿಡಿದೆವು. ಹೆಸರು ಬೇಡ. ವಿಡಿಯೋ ಕಾಲ್ ಇಪ್ಪತ್ತು ನಿಮಿಷ. ಹುಡುಗ ಚುರುಕಾಗಿದ್ದ. "ಜಾಯಿಂಟ್ ಮಾಡಿಬಿಡಿ ಸರ್, ಡಿಡಕ್ಷನ್ ಡಬಲ್" ಅಂದ. ಅವನು ಹೇಳಿದ್ದು ಸುಳ್ಳೇನಲ್ಲ. ಆ ವರ್ಷ ಬೇರೆ ಬೇರೆ ಹಾಕಿದರೆ ತೆರಿಗೆ ಹಾಕುವ ಮೊದಲು ಆದಾಯದಲ್ಲಿ ಕಳೆಯಬಹುದಾಗಿದ್ದು 13,850 ಡಾಲರ್, ಜಂಟಿಯಾಗಿ ಹಾಕಿದರೆ 27,700. ಆದರೆ ಜಂಟಿ ಅಂದರೆ ನನಗೂ ಒಂದು ನಂಬರ್ ಬೇಕು. ಸೋಶಿಯಲ್ ಸೆಕ್ಯುರಿಟಿ ಸಿಗದವರಿಗೆ ಐಟಿಐಎನ್ ಅಂತ ಕೊಡುತ್ತಾರೆ, 9ರಿಂದ ಶುರುವಾಗುವ ನಂಬರ್. ಅದಕ್ಕೆ ಡಬ್ಲ್ಯೂ-7 ಅನ್ನುವ ಅರ್ಜಿ. ಅದರ ಜೊತೆ ನನ್ನ ಒರಿಜಿನಲ್ ಪಾಸ್‌ಪೋರ್ಟ್ ಟೆಕ್ಸಾಸ್‌ನ ಆಸ್ಟಿನ್‌ಗೆ ಕೊರಿಯರ್ ಮಾಡಿ ಅಂದ. ನೋಟರಿ ಮಾಡಿಸಿದ ಪ್ರತಿ ಆಗಲ್ವಾ ಅಂದೆ. ಆಗಲ್ಲ ಅಂದ. ಅದೂ ನಿಜವೇ. ಆದರೆ ಪಾಸ್‌ಪೋರ್ಟನ್ನು ಕಣ್ಣಾರೆ ನೋಡಿ, ದೃಢೀಕರಿಸಿ, ನಮ್ಮ ಕೈಗೇ ವಾಪಸ್ ಕೊಡುವ ಅಧಿಕೃತ ಏಜೆಂಟರು ಇರುತ್ತಾರೆ ಅನ್ನುವ ಉಳಿದರ್ಧ ಸತ್ಯವನ್ನು ಅವನು ಹೇಳಲೇ ಇಲ್ಲ. ನಾನು ಪಾಸ್‌ಪೋರ್ಟ್ ಕೊಡಲ್ಲ ಅಂತ ಕೂತೆ. ಕೊನೆಗೆ "ಬೇರೆ ಬೇರೆ" ಅಂತ ಹಾಕಿ ಕಳಿಸಿ 24,000 ರೂಪಾಯಿ ಬಿಲ್ ಮಾಡಿದರು.

ಬಿಲ್ಲಿಗಿಂತ ನನಗೆ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಆ ಇಪ್ಪತ್ತು ನಿಮಿಷದಲ್ಲಿ ನನ್ನನ್ನು ಯಾರೂ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ನನ್ನ ಪಾಸ್‌ಪೋರ್ಟ್ ಬೇಕಿತ್ತು, ನಾನು ಬೇಕಿರಲಿಲ್ಲ.

ದುರ್ಗಿಗುಡಿಗೆ ಹೋಗಿದ್ದು 2025ರ ಮಾರ್ಚ್‌ನಲ್ಲಿ. ನಮ್ಮ ಆಡಿಟರ್ ಹೇಳಿದ್ದು. ಇವರ ಇಲ್ಲಿನ ರಿಟರ್ನ್ ಮಾಡೋರು ಅವರೇ, ಅಮೆರಿಕದ್ದು ನನಗೆ ಬರಲ್ಲಮ್ಮ, ಅವರ ಹತ್ತಿರ ಹೋಗಿ ಅಂತ ಕಳಿಸಿದರು. ತೀರ್ಥಹಳ್ಳಿಯಿಂದ ಬೆಳಿಗ್ಗೆ ಹೊರಟು, ಮಂಡಗದ್ದೆ ದಾಟಿ, ಸಕ್ರೆಬೈಲಿನಲ್ಲಿ ಮಗಳು ಆನೆ ನೋಡಬೇಕು ಅಂತ ಹಟ ಹಿಡಿದು, ನಾವು ಮೆಟ್ಟಿಲು ಹತ್ತುವಾಗ ಹನ್ನೊಂದೂವರೆ. ಕರೆಂಟ್ ಇರಲಿಲ್ಲ. ಯುಪಿಎಸ್ ಕೀಂ ಕೀಂ ಅಂತಿತ್ತು. ಮೇಡಂ ಕಂಪ್ಯೂಟರ್ ಆರಿಸಿ, ಹಳೇ ಕ್ಯಾಲೆಂಡರಿನ ಒಂದು ಹಾಳೆ ತಿರುಗಿಸಿ, ಪೆನ್ನು ತೆಗೆದರು.

ಮೊದಲು ನಮ್ಮನೆಯವರಿಗೆ ಮೂರು ಪ್ರಶ್ನೆ. ಮದುವೆ ಯಾವತ್ತು ಆಯಿತು? ಮಗು 2024ರಲ್ಲಿ ಎಷ್ಟು ದಿನ ನಿಮ್ಮ ಜೊತೆ ಒಂದೇ ಮನೆಯಲ್ಲಿತ್ತು? ಮನೆ ಖರ್ಚು ಯಾರು ನೋಡಿಕೊಳ್ಳುತ್ತೀರಿ? ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮ ತೋಟದಲ್ಲಿ ಕಳೆದ ವರ್ಷ ಎಷ್ಟು ಕ್ವಿಂಟಾಲ್ ಆಯ್ತು ಅಕ್ಕಾ?"

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಅಮೆರಿಕದ ಟ್ಯಾಕ್ಸ್‌ಗೂ ನನ್ನ ಅಡಿಕೆಗೂ ಏನು ಸಂಬಂಧ?

"ಹನ್ನೆರಡು" ಅಂದೆ.

"ಚಾಲಿನಾ, ರಾಶಿ ಇಡಿನಾ?"

ಒಣಗಿಸಿ ಸುಲಿದದ್ದಾ, ಬೇಯಿಸಿದ್ದಾ ಅಂತ ಕೇಳಿದ್ದು. ಈಕೆ ಮಲೆನಾಡಿನವಳೇ ಅಂತ ಗೊತ್ತಾಗಿದ್ದು ಆಗ. ತವರು ಸಾಗರದ ಕಡೆ. ಬೆಂಗಳೂರಿನಲ್ಲಿ ಹತ್ತು ವರ್ಷ ಅಮೆರಿಕನ್ನರ ರಿಟರ್ನ್ ತುಂಬುವ ಕೆಲಸ ಮಾಡಿ, ಕೊರೋನಾ ಟೈಮಲ್ಲಿ ಊರಿಗೆ ಬಂದವರು ಇಲ್ಲೇ ಉಳಿದರು. ಎನ್‌ರೋಲ್ಡ್ ಏಜೆಂಟ್ ಪರೀಕ್ಷೆ ಪಾಸು ಮಾಡಿದ್ದಾರೆ. ಅದು ಅಮೆರಿಕದ ತೆರಿಗೆ ಇಲಾಖೆಯದ್ದೇ ಮೂರು ಭಾಗದ ಪರೀಕ್ಷೆ, ಪಾಸಾದವರು ಇಲಾಖೆಯ ಮುಂದೆ ಗಿರಾಕಿಯ ಪರ ಮಾತಾಡಬಹುದು. ದುಡ್ಡು ತಗೊಂಡು ರಿಟರ್ನ್ ತುಂಬುವವರು ಯಾರೇ ಆಗಲಿ, ಪಿಟಿಐಎನ್ ಅನ್ನುವ ತಮ್ಮ ನಂಬರ್ ಹಾಕಿ ತಾವೂ ಸಹಿ ಮಾಡಬೇಕು. ನೀವು ಯಾರ ಹತ್ತಿರ ಹೋದರೂ ಕೊನೇ ಪುಟದ ಕೆಳಗೆ ಅದನ್ನು ನೋಡಿ. ಆ ಜಾಗ ಖಾಲಿ ಇದ್ದರೆ ಎದ್ದು ಬನ್ನಿ.

ಕ್ಯಾಲೆಂಡರ್ ಹಾಳೆಯಲ್ಲಿ ಮೇಡಂ ಮೂರು ಗೆರೆ ಎಳೆದರು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ, ಹಿಂದಗಡೆ ಜುಲೈ ತಿಂಗಳು.

ಮೊದಲು "ಸಿಂಗಲ್" ಅನ್ನೋದನ್ನು ಬರೆದು ಕಾಟು ಹಾಕಿದರು. ಡಿಸೆಂಬರ್ 31ಕ್ಕೆ ಮದುವೆ ಆಗಿದ್ದರೆ ಅವರ ಲೆಕ್ಕದಲ್ಲಿ ವರ್ಷಪೂರ್ತಿ ಮದುವೆಯಾದವರು. 28ಕ್ಕೆ ತಾಳಿ ಕಟ್ಟಿದ ನಮ್ಮವರು ಮೂರೇ ದಿನದ ಸಂಸಾರಕ್ಕೆ ಆ ಇಡೀ ವರ್ಷ ಗಂಡನೇ. ಹೆಂಡತಿಗೆ ನಂಬರ್ ಇಲ್ಲದಿದ್ದರೂ ಆ ಜಾಗದಲ್ಲಿ ಎನ್‌ಆರ್‌ಎ ಅಂತ ಬರೆದರೆ ಸಾಕಿತ್ತಂತೆ. ನಾನ್ ರೆಸಿಡೆಂಟ್ ಏಲಿಯನ್, ಅಂದರೆ ಅಲ್ಲಿ ವಾಸವಿಲ್ಲದ ಪರದೇಶಿ. ನಮ್ಮಜ್ಜ ನೆಟ್ಟ ಮರದ ಕೆಳಗೆ ಅಡಿಕೆ ಹೆಕ್ಕುತ್ತಾ ನಾನು ಏಲಿಯನ್! ನಮ್ಮನೆಯವರು ಮೆಟ್ಟಿಲಿಳಿಯುವವರೆಗೂ ನಗುತ್ತಲೇ ಇದ್ದರು. ಹಳೆಯ ಮೂರು ವರ್ಷದ "ಸಿಂಗಲ್" ರಿಟರ್ನ್‌ಗಳನ್ನು ಮೇಡಂ 1040-ಎಕ್ಸ್ ಫಾರಂನಲ್ಲಿ ತಿದ್ದಿಕೊಟ್ಟರು. ಸಿಂಗಲ್‌ಗೂ ಬೇರೆ ಬೇರೆಗೂ ಕಳೆಯುವ ಮೊತ್ತ ಒಂದೇ, ಹಾಗಾಗಿ ಬಾಕಿ ಏನೂ ಬರಲಿಲ್ಲ. ತಪ್ಪು ಮಾತ್ರ ಸರಿಹೋಯಿತು.

ಈಗ ಮೂರು ಗೆರೆ. 2024ಕ್ಕೆ ಬೇರೆ ಬೇರೆ ಹಾಕಿದರೆ ಕಳೆಯಬಹುದಾಗಿದ್ದು 14,600 ಡಾಲರ್. ಹೆಡ್ ಆಫ್ ಹೌಸ್‌ಹೋಲ್ಡ್ 21,900. ಜಂಟಿ 29,200. ಸುಮ್ನೆ ನೋಡಿದರೆ ಜಂಟಿಯೇ ಗೆದ್ದಿತು. ಬೆಂಗಳೂರಿನ ಹುಡುಗ ನಿಂತಿದ್ದು ಅಲ್ಲಿಗೇ. ಮೇಡಂ ಅಲ್ಲಿಂದ ಶುರು ಮಾಡಿದರು.

ಜಂಟಿ ಹಾಕಬೇಕಾದರೆ ಏಲಿಯನ್ ಹೆಂಡತಿಯನ್ನು ಅಮೆರಿಕದ ನಿವಾಸಿ ಅಂತ ಪರಿಗಣಿಸಿ ಅಂತ ಇಬ್ಬರೂ ಸಹಿ ಹಾಕಿ ಬರೆದುಕೊಡಬೇಕು. ಅವರ ಕಾಯ್ದೆಯ 6013(ಜಿ) ಅನ್ನುವ ಕಲಂ. ಬರೆದುಕೊಟ್ಟ ಮೇಲೆ ನನ್ನ ಆದಾಯವೂ ಅವರ ಲೆಕ್ಕಕ್ಕೆ ಬರುತ್ತದೆ, ಭೂಮಿಯ ಮೇಲೆ ಎಲ್ಲಿ ಬಂದದ್ದಾದರೂ. ಅಡಿಕೆ ಆದಾಯಕ್ಕೆ ಇಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲ, ಕೃಷಿ ಆದಾಯಕ್ಕೆ ವಿನಾಯಿತಿ ಇದೆ. ನಮ್ಮಪ್ಪ ಜೀವಮಾನವಿಡೀ ಅಡಿಕೆ ಮಾರಿದರು, ಒಂದು ರೂಪಾಯಿ ಇನ್‌ಕಮ್ ಟ್ಯಾಕ್ಸ್ ಕಟ್ಟಲಿಲ್ಲ. ಅಮೆರಿಕಕ್ಕೆ ಆ ವಿನಾಯಿತಿ ಗೊತ್ತಿಲ್ಲ. ಅವರಿಗೆ ಅದು ಶೆಡ್ಯೂಲ್ ಎಫ್, ರೈತರ ಲಾಭ ನಷ್ಟದ ಪಟ್ಟಿ.

ಮೇಡಂ ಆ ಪಟ್ಟಿಯ ಪ್ರಿಂಟ್ ತೆಗೆದು ತೋರಿಸಿದರು. ಅದರಲ್ಲಿ "ಗೊಬ್ಬರ ಮತ್ತು ಸುಣ್ಣ" ಅಂತ ಒಂದು ಸಾಲು ಇದೆ. ನಿಜವಾಗಿ ಇದೆ. ಅದೇ ಪಟ್ಟಿಯಲ್ಲಿ ಕೆಮಿಕಲ್ಸ್‌ಗೆ ಇನ್ನೊಂದು ಸಾಲು. ಅಂದರೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತರುವ ಸುಣ್ಣ ಒಂದು ಕಡೆ, ಮೈಲುತುತ್ತ ಇನ್ನೊಂದು ಕಡೆ. ಮರ ಹತ್ತಿ ಅಡಿಕೆ ಇಳಿಸುವ ಕೊನೆಗೌಡನ ಕೂಲಿ, ಸುಲಿಯುವವರ ಕೂಲಿ, ಬೇಯಿಸುವ ಸೌದೆ, ಎಲ್ಲವನ್ನೂ ಡಾಲರಿಗೆ ಬದಲಾಯಿಸಿ ಬರೆಯಬೇಕು. ಎಲೆಚುಕ್ಕಿ ರೋಗಕ್ಕೆ ಯಾವ ಸಾಲು ಅಂತ ಕೇಳಿದೆ. "ಅದಕ್ಕೆ ದೇವರೇ ಗತಿ ಅಕ್ಕಾ" ಅಂದರು.

ಇಷ್ಟೇ ಹೇಳಿ ಹೆದರಿಸಿ ಬಿಟ್ಟಿದ್ದರೆ ನಾನು ಅವರಿಗೆ ಮೂರೇ ಕೊಡುತ್ತಿದ್ದೆ. ಅವರು ಇನ್ನೊಂದು ಮಾತು ಹೇಳಿದರು. "ಈ ವರ್ಷ ಮೂರರಲ್ಲಿ ಯಾವುದು ಹಾಕಿದರೂ ಅಲ್ಲಿ ಕಟ್ಟುವ ಟ್ಯಾಕ್ಸ್ ಸೊನ್ನೆಯೇ ಬರುತ್ತೆ ಸರ್" ಅಂತ. ನಮ್ಮನೆಯವರು ಸಂಬಳದ ಮೇಲೆ ಇಲ್ಲಿ ಕಟ್ಟುವ ತೆರಿಗೆಯೇ ಜಾಸ್ತಿ. ಅದನ್ನು ಅಲ್ಲಿ ಕ್ರೆಡಿಟ್ ಆಗಿ, ಅಂದರೆ ಅಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತವಾಗಿ, ತೋರಿಸಬಹುದು. ಅದರಲ್ಲಿ ಮಿಕ್ಕಿದ್ದು ನನ್ನ ಅಡಿಕೆಯ ತೆರಿಗೆಯನ್ನೂ ಮುಚ್ಚಬಹುದು. ಆದರೆ ಯಾವುದಾದರೂ ವರ್ಷ ಇವರ ಕೆಲಸವೇ ಹೋದರೆ? ಆಗ ಅಡಿಕೆಗೆ ಇಲ್ಲಿ ಕಟ್ಟಿದ ತೆರಿಗೆ ಅಂತ ಏನೂ ಇರೋದಿಲ್ಲ, ಆ ವರ್ಷದ್ದು ಅಂತ ತೋರಿಸಲು ಕ್ರೆಡಿಟ್ಟೂ ಇರೋದಿಲ್ಲ. ಮತ್ತೆ ಆ ಒಪ್ಪಿಗೆ ಒಂದು ವರ್ಷದ್ದಲ್ಲ. ನಾವಾಗಿ ರದ್ದು ಮಾಡುವವರೆಗೆ ಪ್ರತಿ ವರ್ಷ ನಡೆಯುತ್ತದೆ. ಒಮ್ಮೆ ರದ್ದು ಮಾಡಿದರೆ ಇಬ್ಬರೂ ಮತ್ತೆ ಯಾವತ್ತೂ ಆ ದಾರಿಗೆ ಬರುವಂತಿಲ್ಲ. ನನ್ನ ಹೆಸರಲ್ಲಿ ತಿಂಗಳಿಗೆ ಮೂರು ಸಾವಿರದ ಎಸ್‌ಐಪಿ ಬೇರೆ ಇದೆ. ಇಲ್ಲಿನ ಮ್ಯೂಚುವಲ್ ಫಂಡ್ ಅಂದರೆ ಅಲ್ಲಿನವರಿಗೆ ಅಲರ್ಜಿ, ಅದಕ್ಕೆ 8621 ಅಂತ ಪ್ರತ್ಯೇಕ ಫಾರಂ, ಅದರ ತೆರಿಗೆ ಲೆಕ್ಕವೂ ಕಠಿಣ. ಮೂರು ಸಾವಿರದ ಎಸ್‌ಐಪಿಗೆ ನನ್ನ ಫೀಸೇ ಜಾಸ್ತಿ ಆಗುತ್ತೆ ಅಂದರು ಮೇಡಂ. ಫೀಸು ತಗೊಳ್ಳುವವರು ಹೀಗೆ ಹೇಳಿದ್ದನ್ನು ನಾನು ಜಾಸ್ತಿ ಕೇಳಿಲ್ಲ.

ಹಾಗಾಗಿ ನಡುವಿನ ಗೆರೆ. ಹೆಡ್ ಆಫ್ ಹೌಸ್‌ಹೋಲ್ಡ್.

ಇದು ಮಾಮೂಲಾಗಿ ಮದುವೆಯಾಗದವರಿಗೆ ಇರುವುದು. ಆದರೆ ಹೆಂಡತಿ ಏಲಿಯನ್ ಆಗಿದ್ದು, ಅವಳನ್ನು ನಿವಾಸಿ ಅಂತ ಸೇರಿಸಿಕೊಳ್ಳದೇ ಇದ್ದರೆ, ಈ ಒಂದು ಕೆಲಸದ ಮಟ್ಟಿಗೆ ಗಂಡನನ್ನು ಮದುವೆಯಾಗದವನ ಹಾಗೆ ನೋಡುತ್ತಾರೆ. ಮೂರು ವರ್ಷ ಮದುವೆಯಾಗಿಲ್ಲ ಅಂತ ಬರೆದು ತಪ್ಪು ಮಾಡಿದ್ದ ಮನುಷ್ಯನಿಗೆ ಈಗ ಸರ್ಕಾರವೇ ಆಗಿಲ್ಲ ಅಂದುಕೋ ಅನ್ನುತ್ತಿದೆ. ನಮ್ಮ ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಅಮ್ಮ. ಮನೆಯ ಹಿರಿಯ ಹೆಂಗಸೇ ಕಾರ್ಡಿಗೆ ಯಜಮಾನಿ ಅಂತ 2013ರ ಆಹಾರ ಭದ್ರತಾ ಕಾಯ್ದೆ ಹೇಳುತ್ತದೆ. ತೋಟದ ಯಜಮಾನಿ ನಾನು. ಪಾಪ ಇವರಿಗೆ ಯಜಮಾನಿಕೆ ಸಿಕ್ಕಿದ್ದು ಅಮೆರಿಕದ ಕಾಗದದಲ್ಲಿ ಮಾತ್ರ, ಅದೂ ಬ್ರಹ್ಮಚಾರಿ ಲೆಕ್ಕದಲ್ಲಿ.

ಆದರೆ ಬಾಯಿ ಮಾತಿಗೆ ಆಗೋದಿಲ್ಲ. ಹೆಂಡತಿಯನ್ನು ತೋರಿಸಿ ಯಜಮಾನ ಆಗಲು ಬರುವುದಿಲ್ಲ, ಮಗುವೋ ಇನ್ಯಾರೋ ಅರ್ಹರು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಜೊತೆಗಿರಬೇಕು. ಮತ್ತೆ ಮನೆ ನಡೆಸುವ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಇವರೇ ಕೊಟ್ಟಿರಬೇಕು. ಇದಕ್ಕೆ ಮೇಡಂ ನನಗೆ ಒಂದು ನೋಟ್‌ಬುಕ್ ಕೆಲಸ ಹಚ್ಚಿದರು. ಮನೆ ಕಂದಾಯ, ಕರೆಂಟ್ ಬಿಲ್, ಗ್ಯಾಸ್, ದಿನಸಿ, ಹಂಚು ಬದಲಿಸಿದ ಖರ್ಚು, ಇವು ಸೇರುತ್ತವೆ. ಬಟ್ಟೆ, ಔಷಧಿ, ಮಕ್ಕಳ ಓದು, ಕಾರಿನ ಪೆಟ್ರೋಲ್, ತಿರುಗಾಟ ಸೇರೋದಿಲ್ಲ. ಅಕ್ಕಿ ಸೇರುತ್ತದೆ, ಅಮ್ಮನ ಬಿಪಿ ಮಾತ್ರೆ ಸೇರೋದಿಲ್ಲ. ಸಂಬಂಧಿಕರ ಗದ್ದೆಯಿಂದ ಬಂದ ಅಕ್ಕಿಗೆ ಬಿಲ್ ಎಲ್ಲಿಂದ ತರಲಿ ಅಂದೆ. ಅದನ್ನು ಬಿಟ್ಟುಬಿಡಿ, ಅಂಗಡಿಯಿಂದ ತಂದಿದ್ದು ಬರೆಯಿರಿ ಅಂದರು. ಮನೆಯವರು ಮಾಡುವ ಕೆಲಸಕ್ಕೆ ಬೆಲೆ ಕಟ್ಟಿ ಸೇರಿಸುವಂತಿಲ್ಲ ಅಂತಲೂ ನಿಯಮ ಇದೆ. ದಿನಾ ಬೆಳಿಗ್ಗೆ ಎದ್ದು ನಾನು ತಟ್ಟುವ ರೊಟ್ಟಿಗೆ ಅಮೆರಿಕದಲ್ಲೂ ಬೆಲೆ ಇಲ್ಲ, ಇಲ್ಲೂ ಇಲ್ಲ.

ಮಗು ನಮ್ಮ ಜೊತೆಗೇ ಇತ್ತು ಅನ್ನುವುದಕ್ಕೆ ದಾಖಲೆ ಬೇಕು ಅಂದರು. ಇದು ಅವರ ಕಿರಿಕಿರಿ ಅಲ್ಲ. ಹೆಡ್ ಆಫ್ ಹೌಸ್‌ಹೋಲ್ಡ್, ಮಗುವಿನ ಕ್ರೆಡಿಟ್, ಇಂಥವನ್ನು ಹಾಕಿಕೊಡುವವರು ವಿಚಾರಿಸಿದ್ದೇನೆ ಅಂತ 8867 ಅನ್ನುವ ಪಟ್ಟಿ ತುಂಬಿ ಜೊತೆಗೆ ಕಳಿಸಬೇಕು, ತಪ್ಪಿದರೆ ದಂಡ ಅವರಿಗೇ. ನಮ್ಮ ಹತ್ತಿರ ಇದ್ದದ್ದು ತಾಯಿ ಕಾರ್ಡ್. ಲಸಿಕೆ ಹಾಕಿಸಿದ ತಾರೀಖುಗಳು, ಊರಿನ ಹೆಸರು, ಎಲ್ಲ ಅದರಲ್ಲಿದೆ. ಜೊತೆಗೆ ಅಂಗನವಾಡಿ ಟೀಚರ್ ಒಂದು ಪತ್ರ ಬರೆದುಕೊಟ್ಟರು, ಅಚ್ಚ ಕನ್ನಡದಲ್ಲಿ, ಸೀಲ್ ಒತ್ತಿ. "ಸದರಿ ಮಗುವು ಪ್ರತಿದಿನ ತಂದೆಯವರೊಂದಿಗೆ ಬರುತ್ತದೆ" ಅಂತ. ಮೇಡಂ ಅದನ್ನು ಓದಿ ಫೈಲಿಗೆ ಹಾಕಿಕೊಂಡರು. ಅಮೆರಿಕದ ಲೆಕ್ಕಕ್ಕೆ ನಮ್ಮೂರ ಅಂಗನವಾಡಿಯ ಸೀಲು ಬಿದ್ದಿದ್ದು ನೋಡಿ ನನಗೆ ಯಾಕೋ ತುಂಬಾ ಖುಷಿ ಆಯಿತು.

ಇನ್ನು ಡಿಪೆಂಡೆಂಟ್ ವಿಷಯ, ಅಂದರೆ ಇವರನ್ನು ನಂಬಿಕೊಂಡಿರುವವರದ್ದು. ಮಗಳು ಸರಿ. ಚೆನ್ನೈ ಕಾನ್ಸುಲೇಟ್‌ಗೆ ಹೋಗಿ ಅವಳ ಕಾಗದಪತ್ರ ಮಾಡಿಸಿದ್ದೆವು, ಸೋಶಿಯಲ್ ಸೆಕ್ಯುರಿಟಿ ನಂಬರ್ 2024ರ ಡಿಸೆಂಬರ್‌ನಲ್ಲಿ ಬಂತು. ಆ ನಂಬರ್ ರಿಟರ್ನ್‌ನ ಕೊನೇ ದಿನದ ಒಳಗೆ ಸಿಕ್ಕಿದ್ದರೆ ಮಾತ್ರ ಆ ವರ್ಷಕ್ಕೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್. ನಾವು ನಾಳೆ ನಾಡಿದ್ದು ಅಂತ ಎರಡು ವರ್ಷ ಎಳೆದೆವು, ಆ ಎರಡು ವರ್ಷದ್ದು ಹೋಯಿತು. ಮಕ್ಕಳಿರುವವರು ಇದೊಂದನ್ನು ಮುಂದೆ ಹಾಕಬೇಡಿ.

ಆ ಕ್ರೆಡಿಟ್‌ನಲ್ಲೂ ಒಂದು ಗುಟ್ಟಿದೆ. ಬೆಂಗಳೂರಿನವರು ಇವರ ಸಂಬಳವನ್ನು 2555 ಫಾರಂನಲ್ಲಿ ಹೊರಗಿಟ್ಟಿದ್ದರು. ಹೊರದೇಶದಲ್ಲಿ ದುಡಿದದ್ದನ್ನು ಒಂದು ಮಿತಿಯವರೆಗೆ ಲೆಕ್ಕಕ್ಕೇ ತರದೆ ಬಿಡುವ ದಾರಿ ಅದು, 2024ಕ್ಕೆ ಮಿತಿ 1,26,500 ಡಾಲರ್. ತೆರಿಗೆ ಸೊನ್ನೆ ಆಗುತ್ತದೆ. ಆದರೆ ಆ ಫಾರಂ ಹಾಕಿದವರಿಗೆ ಮಗುವಿನ ಕ್ರೆಡಿಟ್‌ನಲ್ಲಿ ಕೈಗೆ ವಾಪಸ್ ಕೊಡುವ ಭಾಗ ಸಿಗೋದಿಲ್ಲ. ಮೇಡಂ ಅದನ್ನು ಬಿಟ್ಟು 1116 ಹಾಕಿದರು, ಇಲ್ಲಿ ಕಟ್ಟಿದ ತೆರಿಗೆಯನ್ನು ಕ್ರೆಡಿಟ್ ಆಗಿ ತೋರಿಸುವುದು. ತೆರಿಗೆ ಹೀಗೂ ಸೊನ್ನೆ. ಮಗಳ ಹೆಸರಿನಲ್ಲಿ 1,700 ಡಾಲರ್ ವಾಪಸ್. ಒಮ್ಮೆ 2555 ಬಿಟ್ಟರೆ ಐದು ವರ್ಷ ಇಲಾಖೆಯ ಒಪ್ಪಿಗೆ ಇಲ್ಲದೆ ಅದಕ್ಕೆ ಮರಳುವಂತಿಲ್ಲ, ಯೋಚನೆ ಮಾಡಿ ಹೇಳಿ ಅಂತ ನಮ್ಮನ್ನು ಒಂದು ವಾರ ಮನೆಗೆ ಕಳಿಸಿದರು. ಅವರ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಹಾಗಾಗಿ ಮುಂಗಡ ತೆರಿಗೆಯ ಚಲನ್‌ಗಳನ್ನೆಲ್ಲ ತಾರೀಖು ನೋಡಿ ಆರಿಸಿದರು. ಮಾರ್ಚ್ 15, ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15. ಮೇಡಂ ಮತ್ತು ನಮ್ಮ ಆಡಿಟರ್ ಇದಕ್ಕಾಗಿ ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ದಾರೆ. ಆಡಿಟರ್ ಆಮೇಲೆ ನನಗೆ ಫೋನ್ ಮಾಡಿ "ಆ ಹೆಣ್ಣುಮಗಳು ಬಹಳ ಕೊರೀತಾಳಮ್ಮ" ಅಂದರು. ಮೆಚ್ಚಿ ಹೇಳಿದ್ದೋ ಬೈದದ್ದೋ ಗೊತ್ತಾಗಲಿಲ್ಲ.

ಅಮ್ಮನನ್ನೂ ಡಿಪೆಂಡೆಂಟ್ ಅಂತ ಹಾಕಬಹುದಾ ಅಂತ ನಾನೇ ಕೇಳಿದೆ. ನಮ್ಮ ಜೊತೆಗಿದ್ದಾರೆ, ಖರ್ಚೆಲ್ಲ ನಮ್ಮದೇ, ಅಳಿಯನನ್ನು ಕಂಡರೆ ಮಗನಿಗಿಂತ ಪ್ರೀತಿ. ಆಗೋದಿಲ್ಲವಂತೆ. ಡಿಪೆಂಡೆಂಟ್ ಆದವರು ಅಮೆರಿಕದ ಪ್ರಜೆಯೋ ನಿವಾಸಿಯೋ ಆಗಿರಬೇಕು, ಇಲ್ಲವೇ ಕೆನಡಾ ಅಥವಾ ಮೆಕ್ಸಿಕೋದಲ್ಲಿ ವಾಸ ಇರಬೇಕು. "ಅಮ್ಮ ಮೆಕ್ಸಿಕೋದಲ್ಲಿದ್ದರೆ ಯೋಚನೆ ಮಾಡಬಹುದಿತ್ತು" ಅಂದರು ಮೇಡಂ, ಮುಖದಲ್ಲಿ ನಗು ಇಲ್ಲದೆ. ಅಪ್ಪ ಅಮ್ಮನಿಗೆ ಇಲ್ಲಿಗೆ ದುಡ್ಡು ಕಳಿಸುವ ಅಮೆರಿಕದ ಕನ್ನಡಿಗರಿಗೂ ಇದೇ ಉತ್ತರ. ಎಷ್ಟೋ ಜನ ಸೇರಿಸಿ ಕಳಿಸಿ ಆಮೇಲೆ ನೋಟಿಸ್ ಹಿಡಿದು ಬರುತ್ತಾರೆ ಅಂದರು.

ಬ್ಯಾಂಕ್ ಖಾತೆಗಳ ಲೆಕ್ಕ ಬೇರೆಯೇ. ಅಮೆರಿಕದ ಹೊರಗಿನ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಅನ್ನುವ ವರದಿ ಹಾಕಬೇಕು. ಇವರು ತಮ್ಮದನ್ನು ಹಾಕುತ್ತಿದ್ದರು, ನನ್ನ ಜೊತೆಗಿನ ಜಂಟಿ ಖಾತೆ ಬಿಟ್ಟುಹೋಗಿತ್ತು. ಅಡಿಕೆ ದುಡ್ಡು ಬರುವುದೇ ಆ ಖಾತೆಗೆ. ಅದರ ಪೂರ್ತಿ ಮೊತ್ತವನ್ನು ಇವರು ತೋರಿಸಬೇಕಂತೆ, ಅರ್ಧವನ್ನಲ್ಲ. ತಿದ್ದಿಸಿದೆವು. ಈಗ ಅಡಿಕೆ ದುಡ್ಡಿಗೆ ನನ್ನ ಒಬ್ಬಳ ಖಾತೆ.

ಫೀಸು ಹೇಳುತ್ತೇನೆ. ರಿಟರ್ನ್‌ಗೆ 9,000. ಹಳೆಯದನ್ನು ತಿದ್ದಿದ್ದು ಒಂದೊಂದಕ್ಕೆ 2,500. ಬ್ಯಾಂಕ್ ವರದಿಗೆ 1,500. ರಸೀದಿ ಕೊಟ್ಟರು. ಹೊರದೇಶದಲ್ಲಿರುವ ಅಮೆರಿಕನ್ನರಿಗೆ ಜೂನ್ 15ರವರೆಗೆ ತಾನಾಗಿ ಟೈಮ್ ಇರುತ್ತದೆ, ನಮ್ಮದು ಮೇ ತಿಂಗಳಲ್ಲೇ ಹೋಯಿತು. ಆರು ವಾರಕ್ಕೆ 1,700 ಡಾಲರ್ ಇವರ ಅಲ್ಲಿನ ಖಾತೆಗೆ ಬಂತು, ಆಗಿನ ರೇಟಿಗೆ ಸುಮಾರು 1 ಲಕ್ಷ 45 ಸಾವಿರ.

ಈಗ ಕಳೆದ ಆ ಒಂದು ಅಂಕ. ಫೋನ್ ಎತ್ತುವುದಿಲ್ಲ. ಬೆಳಿಗ್ಗೆ ಕಳಿಸಿದ ಮೆಸೇಜಿಗೆ ರಾತ್ರಿ ಹತ್ತೂವರೆಗೆ ಉತ್ತರ, ಅದೂ "ನೋಡ್ತೀನಿ" ಅಂತ. ಮೊಬೈಲ್‌ನಲ್ಲಿ ಫೋಟೋ ತೆಗೆದು ಕಳಿಸಿದರೆ ಒಪ್ಪುವುದಿಲ್ಲ, ಎಲ್ಲದಕ್ಕೂ ಜೆರಾಕ್ಸ್ ಬೇಕು. ಕೆಳಗಿನ ಹುಡುಗನಿಗೆ ನಮ್ಮಿಂದಲೇ 200 ರೂಪಾಯಿ ವ್ಯಾಪಾರ ಆಗಿರಬಹುದು. ತೀರ್ಥಹಳ್ಳಿಯಿಂದ ನಾಲ್ಕು ಸಲ ಹೋಗಬೇಕಾಯಿತು, ಎರಡು ಸಲ ಬರೀ ಸಹಿಗೆ. ಅಲ್ಲಿನ ರಾಜ್ಯದ ತೆರಿಗೆ ಅವರು ಮಾಡುವುದಿಲ್ಲ, ಅದನ್ನು ಮೊದಲೇ ಹೇಳುತ್ತಾರೆ. ವಯಸ್ಸಾದವರಿಗೆ ಆ ಮೆಟ್ಟಿಲು ಆಗೋದಿಲ್ಲ. ದುರ್ಗಿಗುಡಿಯಲ್ಲಿ ಕಾರು ನಿಲ್ಲಿಸುವ ಆಸೆ ಇಟ್ಟುಕೊಳ್ಳಬೇಡಿ, ದೂರದಲ್ಲಿ ನಿಲ್ಲಿಸಿ ನಡೆದು ಬನ್ನಿ.

ಮೊನ್ನೆ ಮೇಡಂ ಕಡೆಯಿಂದ ಮೆಸೇಜ್ ಬಂತು, ರಾತ್ರಿ ಹತ್ತೂವರೆಗೆ. 2025ಕ್ಕೆ ಹೆಡ್ ಆಫ್ ಹೌಸ್‌ಹೋಲ್ಡ್ ಡಿಡಕ್ಷನ್ 23,625 ಆಗಿದೆ, ಗ್ಯಾಸ್ ಮತ್ತು ದಿನಸಿ ಬಿಲ್ ಎತ್ತಿಡಿ ಅಂತ. ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಅಡಿಕೆ ಆರಿಸುತ್ತಿದ್ದವರು, "ನನ್ನ ಮಾತ್ರೆ ಚೀಟಿ ಈ ಸಲನೂ ಬೇಡ್ವಂತಾ?" ಅಂತ ಕೇಳಿದರು.